ರಜೆಯಲ್ಲಿ ಮಕ್ಕಳ ಜೊತೆ, ಖರ್ಚಿಲ್ಲದೆ

ಎಲ್ಲರಿಗೂ ನಮಸ್ಕಾರ. ರಜೆಯಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಅಂತ ಸುಮಾರು ಜನ ಕೇಳಿದ್ದೀರಿ. ಜಾಸ್ತಿ ದುಡ್ಡು ಬೇಕಿಲ್ಲ.

ಬೆಳಿಗ್ಗೆ 10ರ ಒಳಗೆ ಪಾರ್ಕಿಗೆ ಹೋಗಿ. ಜೇಬಿನಲ್ಲಿ ಒಂದು ಸೀಮೆಸುಣ್ಣ ಇರಲಿ. ಮಗುವನ್ನು ಬಿಸಿಲಲ್ಲಿ ನಿಲ್ಲಿಸಿ, ನೆರಳಿನ ಸುತ್ತ ಗೆರೆ ಎಳೆಯಿರಿ. ಅರ್ಧ ಗಂಟೆ ಬಿಟ್ಟು ಅದೇ ಜಾಗದಲ್ಲಿ ನಿಲ್ಲಿಸಿ. ನೆರಳು ಗೆರೆ ಬಿಟ್ಟು ಸರಿದಿರುತ್ತದೆ, ಗಿಡ್ಡವೂ ಆಗಿರುತ್ತದೆ. ನನ್ನ ಮಗಳು ಬಗ್ಗಿ ನೆಲ ಮುಟ್ಟಿ ನೋಡಿದ್ದಳು!

ಜಾರುಬಂಡೆ ಹತ್ತಿಸುವ ಮೊದಲು ನೀವೇ ಮುಟ್ಟಿ ನೋಡಿ. ಲೋಹದ್ದಾದರೆ ಬಿಸಿಲಿಗೆ ಸುಡುತ್ತದೆ.

ಮಧ್ಯಾಹ್ನಕ್ಕೆ ಗ್ರಂಥಾಲಯವೇ ಸರಿ, ನೆರಳಿಗೆ ನೆರಳು, ಓದಿಗೆ ಓದು ಅಲ್ವಾ. ಮೇ 18 ಅಂತರರಾಷ್ಟ್ರೀಯ ಮ್ಯೂಸಿಯಂ ದಿನ. ಅವತ್ತು ಎಷ್ಟೋ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ. ಹೋಗುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ.

ನೀರಿನ ಬಾಟಲಿ, ಟೋಪಿ ಮರೆಯಬೇಡಿ. ನಿಮಗೆ ಗೊತ್ತಿರುವುದನ್ನೂ ಇಲ್ಲಿ ಹಾಕಿ.