ಸಮುದ್ರದ ಚಿಂತೆ ಬಿಡು, ಅಪ್ಪನ ಕಾಲು ತೋರಿಸು

ಅಮ್ಮನಿಗೆ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಕಾಗದ ಮೊನ್ನೆ ಬಂತು.

ಎರಡು ಪುಟದಲ್ಲಿ ಒಂದೂವರೆ ಪುಟ, ಮಕ್ಕಳನ್ನು ಸಮುದ್ರಕ್ಕೆ ಯಾಕೆ ಕರೆದುಕೊಂಡು ಹೋಗುತ್ತೀಯ ಅಂತಲೇ ಬರೆದಿದ್ದೀಯ. ಅಪ್ಪನ ವಿಷಯ ಮಾತ್ರ ಕೊನೆಗೆ, ಅಂಚಿನಲ್ಲಿ, ಒಂದೇ ಸಾಲು: "ಕಾಲ್ಬೆರಳಿಗೆ ಸಣ್ಣ ಗಾಯ, ಗಾಬರಿ ಏನಿಲ್ಲ." ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿನ್ನ ಸಮುದ್ರದ ಭಯ ಕಳೆಯುತ್ತೇನೆ.

ನಾವು ಹೋಗುವುದು ಅಲೆಗಳಲ್ಲಿ ಆಡುವುದಕ್ಕಲ್ಲ. ವೇಲ್ಸ್‌ನ ಗವರ್ ಅನ್ನುವ ಕಡೆ ಕೆಲವು ದಂಡೆಗಳಲ್ಲಿ ಬರೀ ಬಂಡೆ. ನೀರು ಇಳಿದ ಮೇಲೆ ಬಂಡೆಯ ಕುಳಿಗಳಲ್ಲಿ ಒಂದಿಷ್ಟು ಸಮುದ್ರ ನಿಂತುಬಿಟ್ಟಿರುತ್ತದೆ. ಮಕ್ಕಳು ಕೂತು ನೋಡುವ ಕುಳಿಗಳು ಮೊಣಕಾಲಷ್ಟೂ ಆಳವಿಲ್ಲ. ಪುಟ್ಟಿಯ ತರಗತಿಯ ಹತ್ತು ಮಕ್ಕಳು, ದೊಡ್ಡವರು ನಾಲ್ಕು ಜನ. ಸಣ್ಣ ಮಳೆ ಹನಿಯುತ್ತಿದ್ದರೂ ಇಲ್ಲಿಯವರು ಹೊರಟೇಬಿಡುತ್ತಾರೆ, ಮಕ್ಕಳಿಗೆ ಒಂದು ರಬ್ಬರ್ ಬೂಟು, ಒಂದು ಬಕೆಟ್ ಕೊಟ್ಟರೆ ಆಯಿತು. ಮೊದಮೊದಲು ನನಗೂ ಇದೇನು ಹುಚ್ಚು ಅನ್ನಿಸುತ್ತಿತ್ತು. ಈಗ ನಾನೇ ಎಲ್ಲರಿಗಿಂತ ಮುಂದೆ.

ನೀರಿನ ವೇಳಾಪಟ್ಟಿ ನೋಡದೆ ಯಾರೂ ಹೆಜ್ಜೆ ಇಡುವುದಿಲ್ಲ. ಪಕ್ಕದ ಬ್ರಿಸ್ಟಲ್ ಚಾನೆಲ್ ಅನ್ನುವ ಕೊಲ್ಲಿಯ ಒಳತುದಿಯಲ್ಲಿ ದೊಡ್ಡ ಉಬ್ಬರದ ದಿನ ನೀರು 14 ಮೀಟರಿನವರೆಗೂ ಏರಿ ಇಳಿಯುತ್ತದೆ, ನಾಲ್ಕು ಅಂತಸ್ತಿನ ಮನೆಯಷ್ಟು! ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ನೀರು ತೀರಾ ಕೆಳಗೆ ಹೋಗುತ್ತದೆ. ನಾವು ಹೋಗುವುದು ಆ ದಿನಗಳಲ್ಲೇ. ಪೂರಾ ಇಳಿಯುವುದಕ್ಕೆ ಒಂದೂವರೆ ಗಂಟೆ ಮೊದಲು ಇಳಿದು, ನೀರು ತಿರುಗಿದ ತಕ್ಷಣ ಮೇಲೆ ಬಂದುಬಿಡುತ್ತೇವೆ. ಏರುವ ನೀರು ಯಾವಾಗಲೂ ಎದುರಿನಿಂದಲೇ ಬರುತ್ತದೆ ಅಂತಿಲ್ಲ. ಹಿಂದಿನ ತಗ್ಗುಗಳನ್ನು ಸದ್ದಿಲ್ಲದೆ ತುಂಬಿಕೊಂಡು ಬಂದು ದಾರಿ ಕಟ್ಟಿಬಿಡುತ್ತದೆ. ಅದಕ್ಕೇ ಒಬ್ಬರ ಕೆಲಸ ಬರೀ ಗಡಿಯಾರ ಮತ್ತು ಹಿಂದಿನ ದಾರಿ ನೋಡುವುದು. ಈ ಸಲ ಅದು ನನ್ನ ಪಾಲಿಗೆ ಬಂದಿತ್ತು. ಏನಾದರೂ ಆದರೆ ಇಲ್ಲಿಯ ತುರ್ತು ನಂಬರ್ 999ಕ್ಕೆ ಫೋನ್ ಮಾಡಿ ಕೋಸ್ಟ್‌ಗಾರ್ಡ್, ಅಂದರೆ ಕರಾವಳಿ ರಕ್ಷಣೆಯವರು ಬೇಕು ಅಂದರೆ ಸಾಕು, ಬರುತ್ತಾರೆ. ಆದರೆ ಏನೂ ಆಗುವುದಿಲ್ಲ, ನೀನು ಹೆದರಬೇಡ.

ಎಷ್ಟು ಜೀವ ಅಮ್ಮ ಆ ಕುಳಿಗಳಲ್ಲಿ! ನೀರಿಲ್ಲದಾಗ ಕೆಂಪು ಜೆಲ್ಲಿಯ ಉಂಡೆಯ ಹಾಗೆ ಮುದುಡಿಕೊಳ್ಳುವ ಅನಿಮೋನಿ ಅನ್ನುವ ಪ್ರಾಣಿ ನೀರೊಳಗೆ ಹೂವಿನ ಹಾಗೆ ಅರಳಿರುತ್ತದೆ. ಎಸಳಲ್ಲ ಅವು, ಬೇಟೆಯನ್ನು ಕುಟುಕುವ ಬೆರಳುಗಳು. ಸತ್ತ ಏಡಿ ಅಂತ ಮಕ್ಕಳು ಮರುಗುತ್ತಾ ಎತ್ತಿಕೊಂಡದ್ದು, ನೋಡಿದರೆ ಏಡಿ ಕಳಚಿಟ್ಟು ಹೋದ ಹಳೇ ಚಿಪ್ಪು. ಸನ್ಯಾಸಿ ಏಡಿ ಬೇರೆಯವರ ಖಾಲಿ ಚಿಪ್ಪಿನಲ್ಲೇ ಸಂಸಾರ ಮಾಡುತ್ತದೆ, ಬೆಳೆದ ಹಾಗೆ ದೊಡ್ಡ ಮನೆ ಹುಡುಕುತ್ತದೆ. ಅದಕ್ಕೆ ಖಾಲಿ ಚಿಪ್ಪನ್ನೂ ಮನೆಗೆ ತರಬಾರದು ಅಂತ ಪುಟ್ಟಿ ಈಗ ಎಲ್ಲರಿಗೂ ಪಾಠ ಹೇಳುತ್ತಾಳೆ. ಕಲ್ಲು ಎತ್ತಿ ನೋಡಿದರೆ ಇದ್ದ ಹಾಗೇ ಮೆಲ್ಲಗೆ ಮಗುಚಿ ಇಡಬೇಕು, ಹಿಡಿದ ಜೀವವನ್ನು ಅದೇ ಕುಳಿಗೆ ಬಿಡಬೇಕು. 1850ರ ದಶಕದಲ್ಲಿ ಫಿಲಿಪ್ ಗಾಸ್ ಎಂಬ ನಿಸರ್ಗಶಾಸ್ತ್ರಜ್ಞರು ಈ ಕುಳಿಗಳ ಬಗ್ಗೆ ಬರೆದು ಜನರಿಗೆ ಎಷ್ಟು ಆಸೆ ಹುಟ್ಟಿಸಿದರೆಂದರೆ, ಜನ ಬಂದು ಬಂದು ಗಾಜಿನ ತೊಟ್ಟಿಗೆ ತುಂಬಿಕೊಂಡು ಹೋಗಿ ಎಷ್ಟೋ ಕುಳಿ ಬರಿದಾದವಂತೆ. ಅವರ ಮಗನೇ ಆಮೇಲೆ ಅದನ್ನು ನೊಂದು ಬರೆದಿದ್ದಾರೆ.

ಈಗ ಅಪ್ಪನ ವಿಷಯ. ಅಲ್ಲೇ ಒಂದು ನಕ್ಷತ್ರಮೀನು ಸಿಕ್ಕಿತು. ನಾಲ್ಕು ತೋಳು ಉದ್ದ, ಐದನೆಯದು ಉಗುರಿನಷ್ಟು. ತುಂಡಾದ ತೋಳು ಮತ್ತೆ ಬೆಳೆಯುತ್ತಿದೆ ಅಂದೆ. ಪುಟ್ಟಿ ತಲೆ ಎತ್ತಿ, "ತಾತನ ಬೆರಳೂ ಹಾಗೇ ಬರುತ್ತಾ?" ಅಂದಳು. ಅಣ್ಣನ ಜೊತೆ ನಾನು ಫೋನಿನಲ್ಲಿ ಮಾತಾಡಿದ್ದನ್ನು ಅವಳು ಕೇಳಿಸಿಕೊಂಡಿದ್ದಾಳೆ. ನನಗೆ ಉತ್ತರ ಹೇಳಲಾಗಲಿಲ್ಲ ಅಮ್ಮ.

ಅಪ್ಪನ ಬೆರಳಿಗೆ ಗಾಯವಾಗಿ ಮೂರು ವಾರ ಆಯಿತಂತೆ, ತುದಿ ಕಪ್ಪಾಗಿದೆಯಂತೆ. ನೀನು ಯಾಕೆ ಬರೆಯಲಿಲ್ಲ? ಚಿನ್ನು ಬಾರ್ನಕಲ್ ಅನ್ನುವ ಚೂಪು ಚಿಪ್ಪಿನ ಪುಟ್ಟ ಜೀವಿಗಳು ಅಂಟಿದ ಬಂಡೆಗೆ ಮಂಡಿ ತರಚಿಕೊಂಡ, ನಾಲ್ಕು ದಿನಕ್ಕೆ ಒಣಗಿತು. ಹೆದರಬೇಡ, ಸ್ವಲ್ಪವೇ ತರಚಿದ್ದು. ಅಪ್ಪನದು ಮೂರು ವಾರ! ನೋವೇ ಇಲ್ಲ ಅನ್ನುತ್ತಾರಂತೆ, ನನಗೆ ಭಯ ಅದೇ. ಸಕ್ಕರೆ ಕಾಯಿಲೆಯಲ್ಲಿ ಪಾದದ ನರ ಮಂಕಾಗುತ್ತದೆ, ರಕ್ತವೂ ಸರಿಯಾಗಿ ಹೋಗುವುದಿಲ್ಲ. ಗಾಯ ಒಳಗೊಳಗೇ ಹೆಚ್ಚಿದರೂ ಗೊತ್ತಾಗುವುದಿಲ್ಲ. ಸೊಪ್ಪಿನ ರಸ ಹಚ್ಚುವುದನ್ನು ಇವತ್ತೇ ನಿಲ್ಲಿಸು. ಬಿಸಿನೀರಿನಲ್ಲಿ ಕಾಲಿಡಿಸಬೇಡ, ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಬರಿಗಾಲಲ್ಲಿ ಅಂಗಳಕ್ಕೂ ಇಳಿಯುವುದು ಬೇಡ.

ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಹೇಗೆ ಅಂತ ಕೇಳುತ್ತೀಯ. ಬಂಡೆಗೆ ಅಂಟಿದ ಲಿಂಪೆಟ್ ಅಂತ ಒಂದು ಪ್ರಾಣಿ ಇದೆ, ಟೋಪಿಯಂಥ ಚಿಪ್ಪು. ಒಮ್ಮೆ ಬೆರಳಲ್ಲಿ ತಟ್ಟಿದರೆ ಬಂಡೆಯನ್ನು ಬಿಗಿಹಿಡಿದುಬಿಡುತ್ತದೆ, ಆಮೇಲೆ ಯಾರು ಜಗ್ಗಿದರೂ ಅಲ್ಲಾಡದು. ಅಪ್ಪನೂ ಹಾಗೇ, ಅವರ ಮುಂದೆ ದಿನಾ ಆಸ್ಪತ್ರೆ ಆಸ್ಪತ್ರೆ ಅನ್ನಬೇಡ. ಅಣ್ಣ ಆಟೋ ತಂದು ಬಾಗಿಲಲ್ಲಿ ನಿಲ್ಲಿಸಲಿ, ಆಗ ಹೇಳು, ನಾನು ಹೇಳಿಕಳಿಸಿದ್ದೇನೆ ಅನ್ನು. ಬೇಗ ಹೋದರೆ ಬೆರಳು ಉಳಿಯಬಹುದು. ತೆಗೆಯಲೇಬೇಕು ಅಂದರೂ ಕಾಲು ಉಳಿಯಲಿ ಅಮ್ಮ.

ದುಡ್ಡಿನ ಯೋಚನೆ ಮಾಡಲೇಬೇಡ, ಅಣ್ಣನ ಖಾತೆಗೆ ಇವತ್ತು ಹಾಕಿದ್ದೇನೆ, ಬೇಕಾದರೆ ಇನ್ನೂ ಹಾಕುತ್ತೇನೆ. ನಮಗೇನೂ ತೊಂದರೆ ಇಲ್ಲ, ನಾವು ತುಂಬ ಚೆನ್ನಾಗಿದ್ದೇವೆ, ನಿಜವಾಗಿಯೂ ಚೆನ್ನಾಗಿದ್ದೇವೆ. ಮುಂದಿನ ಹುಣ್ಣಿಮೆಗೆ ಮಕ್ಕಳು ಮತ್ತೆ ಹೊರಟಿದ್ದಾರೆ. ನೀನು ಬೇಡ ಅಂದರೆ ನಾನು ಹೋಗುವುದಿಲ್ಲ, ಆದರೆ ಬೇಡ ಅನ್ನಬೇಡ.

ಶಾಲೆ ಬಿಡುವ ಹೊತ್ತಾಯಿತು, ಹೊರಟೆ. ಅಪ್ಪನಿಗೆ ಸಮುದ್ರದ ಭಾಗ ಮಾತ್ರ ಓದಿ ಹೇಳು. ಪಾದದ ಫೋಟೋ ಅಣ್ಣನ ಕೈಲಿ ಇವತ್ತೇ ಕಳಿಸು, ಎರಡೂ ಕಡೆಯಿಂದ ತೆಗೆಯಲಿ. ಅತ್ತೆಗೆ ನಮಸ್ಕಾರ ತಿಳಿಸು.

ನಿನ್ನ ಮಗಳು