ಹಪ್ಪಳದ ಕಟ್ಟು ತಿರುವಿ ನೋಡಿದ ಅಕ್ಕನಿಗೆ

ಉಡುಪಿಯ ಸಂತೆಯಲ್ಲಿ ನಮ್ಮ ಸಂಘದ ಹಲಸಿನ ಹಪ್ಪಳದ ಕಟ್ಟು ತಿರುವಿ, ಒಳಗೆ ಕೂತಿದ್ದ ನೀರಿನ ಹನಿ ತೋರಿಸಿದ ಅಕ್ಕ, ನಿಮ್ಮ ಹೆಸರು ಕೇಳುವುದೇ ಮರೆತುಹೋಯಿತು.

ನೀವು ಹೇಳಿದ್ದೇ ಸರಿ: ಬಿಸಿಲಿನಿಂದ ತೆಗೆದ ಬಿಸಿಗೇ ಪೊಟ್ಟಣ ಕಟ್ಟಿದರೆ ಒಳಗೆ ಬೆವರುತ್ತದೆ, ಆಮೇಲೆ ಬೂಷ್ಟು. ನೆರಳಲ್ಲಿ ಪೂರ್ತಿ ಆರಬೇಕು. ಮುರಿದರೆ ಪಟ್ಟೆಂದು ಒಡೆಯಬೇಕು; ಬಾಗಿದರೆ ಇನ್ನೊಂದು ಬಿಸಿಲು. ನಡು ದಪ್ಪವಾಗಿ ಒತ್ತಿದ ಹಪ್ಪಳ ಅಂಚಿನಲ್ಲಿ ಒಣಗಿ ನಡುವೆ ಹಸಿಯಾಗಿಯೇ ಉಳಿಯುತ್ತದೆ, ಕೈಗೆ ಗೊತ್ತೇ ಆಗುವುದಿಲ್ಲ.

ಹಲಸಿನ ಸೊಳೆಯ (ತೊಳೆಯ) ವಿಷಯದಲ್ಲೂ ನೀವೇ ಸರಿ: ಬಲಿತಿರಬೇಕು, ಹಣ್ಣಾಗತೊಡಗಿರಬಾರದು. ಸಿಹಿ ಏರಿದ್ದರೆ ಎಣ್ಣೆಗೆ ಬಿದ್ದ ಕೂಡಲೇ ಕೆಂಪಾಗುತ್ತದೆ. ಹಬೆಯಲ್ಲಿ ಬೆಂದದ್ದನ್ನು ಬಿಸಿಯಿರುವಾಗಲೇ, ತೊಟ್ಟು ನೀರೂ ಸೋಕಿಸದೆ ಗುದ್ದಬೇಕು. ತಣಿದರೆ ಹಿಟ್ಟು ಕೂಡಿಬರದೆ ಅಂಚು ಬಿರಿಯುತ್ತದೆ. ಉಪ್ಪು 1 ಕಿಲೋ ಸೊಳೆಗೆ 10 ಗ್ರಾಂ ಸಾಕು. ನೀರು ಆರಿದಷ್ಟೂ ಉಪ್ಪು ಏರುವುದರಿಂದ ಹಸಿ ಹಿಟ್ಟು ನಾಲಿಗೆಗೆ ತುಸು ಸಪ್ಪೆಯೇ ಇರಲಿ.

ಕಟ್ಟಿನ ಚೀಟಿಯಲ್ಲಿ 14 ಅಂಕಿಯ ಆಹಾರ ನೋಂದಣಿ ಸಂಖ್ಯೆ, ತಯಾರಿಸಿದ ದಿನ, ತೂಕ, ಬೆಲೆ ಈಗ ಇವೆ. ಇವಿಲ್ಲದೆ ಬರೀ ಎಣಿಸಿ ಮಾರುವುದು ಊರಲ್ಲಿ ನಡೆಯುತ್ತದೆ, ಪೇಟೆಯ ಅಂಗಡಿಯಲ್ಲಿ ಇಲ್ಲ.

ತುಂಬಾ ಉಪಕಾರವಾಯಿತು ಅಕ್ಕ. ಸಂತೆಗೆ ಬಂದರೆ ಒಂದು ಕಟ್ಟು ನಿಮಗೆಂದೇ ತೆಗೆದಿಟ್ಟಿದೆ. ದುಡ್ಡು ಮಾತ್ರ ಕೊಡಬೇಡಿ.