ಬಾಯಿಮಾತಿನ ಫ್ರೀ ಸೀಟು

ಮಾನ್ಯ ಸಂಪಾದಕರೇ,

ಹೋದ ವರ್ಷ ಕಾಸರಗೋಡು ಜಿಲ್ಲಾ ಶಾಲಾ ಕ್ರೀಡಾಕೂಟದಲ್ಲಿ ನನ್ನ ಮಗಳು ಉದ್ದಜಿಗಿತ ಮುಗಿಸಿ, ಕಾಲಿನ ಹೊಯಿಗೆ ಕೊಡವುತ್ತಾ ನಿಂತಿದ್ದಳು. ಕುತ್ತಿಗೆಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡಿದ್ದ ಒಬ್ಬರು ನೇರ ನನ್ನ ಹತ್ತಿರ ಬಂದರು. ಗಡಿಯಾಚೆಯ ಒಂದು ಕಾಲೇಜಿನ ಕೋಚ್ ಅಂತೆ. "ಹತ್ತನೇ ಕ್ಲಾಸ್ ಆದ ಕೂಡಲೇ ನಮ್ಮಲ್ಲಿಗೆ ಕಳಿಸಿ. ಫೀಸು, ಹಾಸ್ಟೆಲು, ಊಟ ಎಲ್ಲಾ ಫ್ರೀ. ನೀವು ಮಂಡೆಬಿಸಿ ಮಾಡಬೇಡಿ" ಅಂದರು. ನಾನೂ ಮಾಡಲಿಲ್ಲ. ತಪ್ಪಾದದ್ದು ಅಲ್ಲೇ.

ಜೂನ್‌ನಲ್ಲಿ ಹೋದರೆ ಆ ಕೋಚ್ ಕಾಲೇಜು ಬಿಟ್ಟಾಗಿತ್ತು. ಆಫೀಸಿನಲ್ಲಿ "ಫೀಸು ಸ್ವಲ್ಪ ಬಿಡಬಹುದು, ಹಾಸ್ಟೆಲಿಗೆ ನೀವೇ ಕಟ್ಟಬೇಕು" ಅಂದರು. ಕಾಗದ ಏನಾದರೂ ಉಂಟಾ ಅಂತ ಕೇಳಿದರು. ನನ್ನ ಹತ್ತಿರ ಇದ್ದದ್ದು ಒಂದು ಫೋನ್ ನಂಬರ್ ಮಾತ್ರ.

ಅಷ್ಟರಲ್ಲಿ ಇಲ್ಲಿ ಕೇರಳದಲ್ಲಿ ಪ್ಲಸ್ ವನ್ (ಹನ್ನೊಂದನೇ ಕ್ಲಾಸ್) ಸ್ಪೋರ್ಟ್ಸ್ ಕೋಟಾದ ಅರ್ಜಿಯ ದಿನವೂ ದಾಟಿತ್ತು. ಮಾಮೂಲಿ ಅರ್ಜಿ ಹಾಕಿದರೆ ಸ್ಪೋರ್ಟ್ಸ್ ಕೋಟಾವೂ ಅದರಲ್ಲೇ ಸೇರುತ್ತದೆ ಅಂತ ನಮ್ಮ ಕಡೆ ತುಂಬಾ ಜನ ತಿಳಿದುಕೊಂಡಿದ್ದಾರೆ, ನಾನೂ ಅವರಲ್ಲೊಬ್ಬ. ಹಾಗಲ್ಲ. ಮೊದಲು ಸರ್ಟಿಫಿಕೇಟುಗಳನ್ನು ಜಿಲ್ಲಾ ಸ್ಪೋರ್ಟ್ಸ್ ಕೌನ್ಸಿಲ್‌ಗೆ ತೋರಿಸಿ ಸ್ಕೋರ್ ಕಾರ್ಡ್ ಮಾಡಿಸಿಕೊಳ್ಳಬೇಕು, ಆಮೇಲೆ ಶಾಲೆಗಳನ್ನು ಆರಿಸಿ ಬೇರೆಯೇ ಅರ್ಜಿ ಹಾಕಬೇಕು. ಮಗಳ ಸರ್ಟಿಫಿಕೇಟುಗಳೆಲ್ಲ ಪ್ಲಾಸ್ಟಿಕ್ ಫೈಲಿನಲ್ಲಿ ಬೆಚ್ಚಗೆ ಕೂತಿದ್ದವು.

"ಪ್ರತಿಭೆ ಇದ್ದರೆ ಅವರೇ ಹುಡುಕಿಕೊಂಡು ಬರುತ್ತಾರೆ, ಪಿ.ಟಿ. ಉಷಾ ಕಥೆ ಹಾಗೇ ಅಲ್ವಾ" ಅಂತ ನೆಂಟರೊಬ್ಬರು ಸಮಾಧಾನ ಹೇಳಿದರು. ಉಷಾ 1976ರಲ್ಲಿ ಕಣ್ಣೂರಿನ ಸ್ಪೋರ್ಟ್ಸ್ ಡಿವಿಷನ್ (ಸರಕಾರದ ಕ್ರೀಡಾ ಶಾಲೆ) ಸೇರಿ, ಕೋಚ್ ಒ.ಎಂ. ನಂಬಿಯಾರ್ ಕೈಯಲ್ಲಿ ಪಳಗಿದವರು. ಎಲ್ಲ ಮಕ್ಕಳಿಗೂ ನಂಬಿಯಾರ್ ಸಿಗುತ್ತಾರಾ?

ಅಮೆರಿಕದಲ್ಲಿರುವ ನನ್ನ ಭಾವನ ಮಗ ಹೈಸ್ಕೂಲಿನಲ್ಲಿ ಓಡುತ್ತಾನೆ. ಅಲ್ಲಿ ಹುಡುಗರು ತಾವೇ ಟೈಮಿಂಗ್, ವಿಡಿಯೋ, ಮಾರ್ಕು ಎಲ್ಲಾ ಹಾಕಿ ಕಾಲೇಜು ಕೋಚ್‌ಗಳಿಗೆ ಇಮೇಲ್ ಬರೆಯುತ್ತಾರಂತೆ, ಯಾರಾದರೂ ಬಂದು ನೋಡಲಿ ಅಂತ ಸುಮ್ನೆ ಕೂರುವುದಿಲ್ಲ. ಅಲ್ಲಿಯ ಎನ್‌ಸಿಎಎ (ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ) ಡಿವಿಷನ್ 3 ಕಾಲೇಜುಗಳಲ್ಲಂತೂ ಆಟಕ್ಕೆ ಅಂತ ಸ್ಕಾಲರ್‌ಶಿಪ್ಪೇ ಇಲ್ಲ, ಕೋಚ್ ಎಷ್ಟು ಹೊಗಳಿದರೂ ಅಷ್ಟೇ. ಅಂದರೆ ಹೊಗಳಿಕೆ ಬೇರೆ, ದುಡ್ಡು ಬೇರೆ ಅಂತ ಅವರಿಗೆ ಮೊದಲೇ ಗೊತ್ತು.

ನಾನೀಗ ಸಿಕ್ಕಿದವರಿಗೆಲ್ಲ ಹೇಳುವುದು ಇದು: ಫ್ರೀ ಅಂದರೆ ಎಷ್ಟು ವರ್ಷಕ್ಕೆ? ಮೊಣಕಾಲಿಗೆ ಪೆಟ್ಟಾಗಿ ಆರು ತಿಂಗಳು ಮಲಗಿದರೆ ಹಾಸ್ಟೆಲ್ ಖರ್ಚು ಯಾರದ್ದು? ಪ್ರಾಂಶುಪಾಲರ ಸಹಿ ಹಾಕಿಸಿ ಕಾಲೇಜಿನ ಲೆಟರ್‌ಹೆಡ್‌ನಲ್ಲೇ ಬರೆಸಿಕೊಳ್ಳಿ. ಕೇಳಲು ಸಂಕೋಚ ಆಗುತ್ತದೆ ನಿಜ, ಕೋಚ್ ಮುನಿಸಿಕೊಂಡರೆ ಅಂತ ಹೆದರಿಕೆ. ನನಗೂ ಇತ್ತು.

ನಿಮ್ಮಲ್ಲಿ ಒಂದು ವಿನಂತಿ. ಕನ್ನಡ ಮಾಧ್ಯಮದ ಎಷ್ಟೋ ಮನೆಗಳಲ್ಲಿ ಮಲಯಾಳ ಓದಲು ಬರುವುದಿಲ್ಲ. ಸ್ಪೋರ್ಟ್ಸ್ ಕೋಟಾದ ದಿನಾಂಕ ಬಂದ ಕೂಡಲೇ ಕಾಸರಗೋಡು ಪುಟದಲ್ಲಿ ಎರಡು ಸಾಲು ಹಾಕಿ. ಕೊನೆಯ ದಿನದಂದು ಹಾಕಬೇಡಿ, ಸ್ಕೋರ್ ಕಾರ್ಡ್ ಮಾಡಿಸಲು ಪುರುಸೊತ್ತು ಬೇಕು.

ನನ್ನ ಸಣ್ಣ ಮಗ ಈಗ ಒಂಬತ್ತನೇ ಕ್ಲಾಸ್, ಕಬಡ್ಡಿ ಹುಚ್ಚು. ಮೊನ್ನೆ ಅವನ ಕೈಗೂ ಯಾರೋ ಒಂದು ನಂಬರ್ ಕೊಟ್ಟು ಹೋಗಿದ್ದಾರೆ.

– ಒಬ್ಬ ತಂದೆ, ಬದಿಯಡ್ಕ